ಮೋಟಾರಿನ ಸುರುಳಿ ಮತ್ತು ಶಾಫ್ಟ್‌: ಅಧಿಕ ಆವರ್ತನದ ವೋಲ್ಟೇಜ್‌ನ ಲೆಕ್ಕಾಚಾರ

ವಿದ್ಯುತ್ ಮೋಟಾರಿನ ಬಾಳಿಕೆಯನ್ನು ಮುಖ್ಯವಾಗಿ ನಿರ್ಧರಿಸುವ ಭಾಗಗಳು ಎರಡು: ತಾಮ್ರದ ಸುರುಳಿಯ ಮೇಲಿನ ಅವಾಹಕ ಲೇಪನ ಹಾಗೂ ಶಾಫ್ಟನ್ನು ಹೊತ್ತಿರುವ ಬೇರಿಂಗ್. 50 ಹರ್ಟ್ಸ್ ಆವರ್ತನದ ವಿದ್ಯುತ್ತಿನಲ್ಲಿ ವರ್ಷಗಟ್ಟಲೆ ಬಾಳುವ ಇವು, ಇನ್ವರ್ಟರ್‌ಗೆ ಜೋಡಿಸಿದ ಮೋಟಾರಿನಲ್ಲಿ ಕೆಲವೊಮ್ಮೆ ತಿಂಗಳುಗಳಲ್ಲೇ ಹಾಳಾಗುವುದುಂಟು. ಇಲ್ಲಿ ಇನ್ವರ್ಟರ್ ಎಂದರೆ ಕರೆಂಟು ಹೋದಾಗ ಮನೆಗೆ ನೆರವಾಗುವ ಪೆಟ್ಟಿಗೆಯಲ್ಲ. ಲಿಫ್ಟ್, ಪಂಪು, ಮೆಟ್ರೊ ರೈಲು ಹಾಗೂ ವಿದ್ಯುತ್ ವಾಹನಗಳಲ್ಲಿ ಮೋಟಾರಿನ ವೇಗವನ್ನು ಬೇಕಾದಂತೆ ಏರಿಳಿಸುವ ಸಾಧನ.

ಇನ್ವರ್ಟರ್ ನೀಡುವುದು ನಯವಾಗಿ ಏರಿಳಿಯುವ ಅಲೆಯನ್ನಲ್ಲ, ಸೆಕೆಂಡಿಗೆ ಸಾವಿರಾರು ಚೌಕಾಕಾರದ ಮಿಡಿತಗಳನ್ನು. ಒಂದು ಮಿಡಿತ ಏರಲು ಹಿಡಿಯುವ ಕಾಲ 0.1 ಮೈಕ್ರೊಸೆಕೆಂಡಿನಷ್ಟಿದ್ದರೆ, ಅದರಲ್ಲಿ ಸುಮಾರು 30 ಲಕ್ಷ ಹರ್ಟ್ಸ್‌ವರೆಗಿನ ಆವರ್ತನಗಳು ಅಡಗಿರುತ್ತವೆ. 50 ಹರ್ಟ್ಸ್‌ನ ಲೆಕ್ಕದಲ್ಲಿ ನಗಣ್ಯವೆಂದು ಕೈಬಿಡುವ ಅತ್ಯಲ್ಪ ಧಾರಕತೆಗಳೇ ಈ ಆವರ್ತನದಲ್ಲಿ ಪ್ರಧಾನ ಪಾತ್ರ ವಹಿಸುತ್ತವೆ. ಆದ್ದರಿಂದ ಅದೇ ಮೋಟಾರಿಗೆ ಬೇರೆಯೇ ಗಣಿತೀಯ ಮಾದರಿ ಅಗತ್ಯ.

ಸುರುಳಿಯಲ್ಲಿ ಅಲೆ

ಇನ್ವರ್ಟರಿನಿಂದ ಹೊರಟ ಮಿಡಿತ ಕೇಬಲ್‌ನಲ್ಲಿ ಬೆಳಕಿನ ಸುಮಾರು ಅರ್ಧ ವೇಗದಲ್ಲಿ, ಅಂದರೆ ಮೈಕ್ರೊಸೆಕೆಂಡಿಗೆ 150 ಮೀಟರ್‌ನಂತೆ ಚಲಿಸುತ್ತದೆ. ಮೋಟಾರಿನ ಪ್ರತಿರೋಧ ಕೇಬಲ್‌ನದಕ್ಕಿಂತ ಬಹಳ ಹೆಚ್ಚಿರುವುದರಿಂದ, ಗೋಡೆಗೆ ಬಡಿದ ನೀರಿನಂತೆ ಅಲೆ ಪ್ರತಿಫಲಿಸುತ್ತದೆ. ಮಿಡಿತ ಏರಲು 0.1 ಮೈಕ್ರೊಸೆಕೆಂಡು ಸಾಕಾದರೆ, ಕೇವಲ 7.5 ಮೀಟರ್ ಉದ್ದದ ಕೇಬಲ್‌ನಲ್ಲೂ ಮೋಟಾರಿನ ತುದಿಯ ವೋಲ್ಟೇಜ್ ಇಮ್ಮಡಿಯಾಗಬಲ್ಲದು. 415 ವೋಲ್ಟ್ ಪೂರೈಕೆಯ ಇನ್ವರ್ಟರಿನ ಒಳಗಿನ ನೇರ ವೋಲ್ಟೇಜ್ ಸುಮಾರು 587. ಮೋಟಾರಿಗೆ ತಟ್ಟುವುದು 1,170 ವೋಲ್ಟಿನ ಆಸುಪಾಸು.

ಈ ವೋಲ್ಟೇಜ್ ಸುರುಳಿಯುದ್ದಕ್ಕೂ ಸಮನಾಗಿ ಹಂಚಿಹೋಗುವುದಿಲ್ಲ. ಸುರುಳಿಯನ್ನು ಹಲವು ತುಂಡುಗಳ ಏಣಿಯೆಂದು ಭಾವಿಸಿ, ಪ್ರತಿ ಮೆಟ್ಟಿಲಿಗೂ ಅದರ ಪ್ರೇರಕತೆ, ರೋಧ, ಸುತ್ತು-ಸುತ್ತುಗಳ ನಡುವಿನ ಧಾರಕತೆ ಹಾಗೂ ಕವಚದೊಂದಿಗಿನ ಧಾರಕತೆಯನ್ನು ಸೇರಿಸಿದಾಗ ಇದು ಸ್ಪಷ್ಟವಾಗುತ್ತದೆ. ಮೊದಲ ಕ್ಷಣದಲ್ಲಿ ಧಾರಕತೆಗಳ ಅನುಪಾತವೇ ಹಂಚಿಕೆಯನ್ನು ನಿರ್ಧರಿಸುವುದರಿಂದ, ವೋಲ್ಟೇಜ್‌ನ ದೊಡ್ಡ ಪಾಲು ಮೊದಲ ಕೆಲವು ಸುತ್ತುಗಳ ಮೇಲೆಯೇ ಬೀಳುತ್ತದೆ. ಸಣ್ಣ ಮೋಟಾರುಗಳಲ್ಲಿ ತಂತಿಗಳನ್ನು ಕ್ರಮವಿಲ್ಲದೆ ತುಂಬುವುದರಿಂದ ಮೊದಲ ಸುತ್ತು ಮತ್ತು ಕೊನೆಯ ಸುತ್ತು ಒಂದಕ್ಕೊಂದು ತಗುಲಿಕೊಂಡಿರಲೂಬಹುದು. ಅವುಗಳ ನಡುವಿನ ಗಾಳಿಯಲ್ಲಿ ಉಂಟಾಗುವ ಭಾಗಶಃ ವಿಸರ್ಜನೆ ಎನಾಮೆಲ್ ಲೇಪನವನ್ನು ಕ್ರಮೇಣ ತಿಂದುಹಾಕುತ್ತದೆ.

ಶಾಫ್ಟಿನಲ್ಲಿ ವೋಲ್ಟೇಜ್

ಶಾಫ್ಟಿನಲ್ಲಿ ವೋಲ್ಟೇಜ್ ಕಾಣಿಸಿಕೊಳ್ಳುವುದು ಹೊಸ ಸಂಗತಿಯೇನಲ್ಲ. ಆಲ್ಜರ್ ಮತ್ತು ಸ್ಯಾಮ್ಸನ್ ಎಂಬ ಎಂಜಿನಿಯರುಗಳು 1924ರಲ್ಲೇ ಅಮೆರಿಕದಲ್ಲಿ ಈ ಕುರಿತು ಪ್ರಬಂಧ ಮಂಡಿಸಿದ್ದರು. ಅಂದು ಪ್ರಮುಖ ಕಾರಣ ಕಾಂತಕ್ಷೇತ್ರದ ಅಸಮತೆಯಾಗಿತ್ತು. 1990ರ ದಶಕದಲ್ಲಿ ವೇಗದ ಸ್ವಿಚ್‌ಗಳು ಬಂದ ಮೇಲೆ ಮತ್ತೊಂದು ಕಾರಣ ಸೇರಿಕೊಂಡಿತು.

ಸಮತೋಲನದ ಪೂರೈಕೆಯಲ್ಲಿ ಮೂರು ಫೇಸ್‌ಗಳ ವೋಲ್ಟೇಜ್‌ಗಳ ಮೊತ್ತ ಸದಾ ಶೂನ್ಯ. ಸಾಮಾನ್ಯ ಇನ್ವರ್ಟರಿನಲ್ಲಾದರೋ ಪ್ರತಿ ಫೇಸ್ ಧನ ಇಲ್ಲವೇ ಋಣ ತುದಿಗೆ ಜೋಡಿಸಲ್ಪಡುವುದರಿಂದ ಮೊತ್ತ ಎಂದೂ ಶೂನ್ಯವಾಗದು. ಮೂರರ ಸರಾಸರಿಯಾದ ಈ ‘ಸಾಮಾನ್ಯ ವೋಲ್ಟೇಜ್’ 293 ವೋಲ್ಟ್‌ವರೆಗೆ ಜಿಗಿಯುತ್ತಿರುತ್ತದೆ. ಸುರುಳಿ ಮತ್ತು ರೋಟರ್ ನಡುವೆ, ರೋಟರ್ ಮತ್ತು ಕವಚದ ನಡುವೆ, ಬೇರಿಂಗ್‌ನ ಗ್ರೀಸ್ ಪದರದ ಆಚೀಚೆ ಇರುವ ಧಾರಕತೆಗಳು ಅದನ್ನು ಹಂಚಿಕೊಳ್ಳುತ್ತವೆ. ಬೇರಿಂಗ್‌ಗೆ ಸಿಗುವ ಪಾಲು ಸಾಮಾನ್ಯವಾಗಿ ಶೇ 10ಕ್ಕಿಂತ ಕಡಿಮೆ. ಶೇ 5 ಎಂದಿಟ್ಟುಕೊಂಡರೂ ಅದು ಸುಮಾರು 15 ವೋಲ್ಟ್. ಆದರೆ ಗ್ರೀಸ್ ಪದರದ ದಪ್ಪ ಹೆಚ್ಚೆಂದರೆ ಒಂದೆರಡು ಮೈಕ್ರೊಮೀಟರ್. ಅದನ್ನು ಭೇದಿಸಲು ಇಷ್ಟು ವೋಲ್ಟೇಜ್ ಸಾಕು. ಪ್ರತಿ ಕಿಡಿಯೂ ಉಕ್ಕಿನ ಮೇಲೆ ಸೂಕ್ಷ್ಮ ಕುಳಿ ಮೂಡಿಸುತ್ತದೆ. ಮುಂದೆ ಬೇರಿಂಗ್‌ನ ಹಾದಿಯಲ್ಲಿ ಸಾಲು ಸಾಲು ಗೆರೆಗಳೆದ್ದು, ಮೋಟಾರು ಗದ್ದಲ ಮಾಡತೊಡಗುತ್ತದೆ.

ದೊಡ್ಡ ಮೋಟಾರುಗಳಲ್ಲಿ ಮತ್ತೊಂದು ಬಗೆಯ ಹಾನಿಯೂ ಉಂಟು. ಸುರುಳಿಯಿಂದ ಕವಚಕ್ಕೆ ಸೋರುವ ಪ್ರವಾಹವು ಶಾಫ್ಟನ್ನು ಸುತ್ತುವರಿದ ಕಾಂತಕ್ಷೇತ್ರವನ್ನು ಸೃಷ್ಟಿಸಿ, ಶಾಫ್ಟಿನ ಎರಡು ತುದಿಗಳ ನಡುವೆ ವೋಲ್ಟೇಜ್ ಪ್ರೇರಿಸುತ್ತದೆ. ಆಗ ಪ್ರವಾಹ ಎರಡೂ ಬೇರಿಂಗ್‌ಗಳ ಮೂಲಕ ಸುತ್ತು ಹಾಕುತ್ತದೆ. ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ಆನೆಟ್ ಮ್ಯುಟ್ಸೆ ಸಲ್ಲಿಸಿದ ಮಹಾಪ್ರಬಂಧ ಬೇರಿಂಗ್ ಪ್ರವಾಹಗಳನ್ನು ವಿವರವಾಗಿ ಅಭ್ಯಸಿಸಿತು.

ಮಾದರಿ ತಪ್ಪಿದರೆ ಮದ್ದೂ ತಪ್ಪು

ಲೆಕ್ಕಾಚಾರದ ನಿಜವಾದ ಪ್ರಯೋಜನ ಇರುವುದು ಇಲ್ಲಿಯೇ. ಸುತ್ತು ಹಾಕುವ ಪ್ರವಾಹವನ್ನು ತಡೆಯಲು ಒಂದು ಬೇರಿಂಗ್‌ಗೆ ಅವಾಹಕ ಲೇಪನ ಕೊಟ್ಟರೆ ಸಾಕು. ಕಿಡಿಯೇ ಸಮಸ್ಯೆಯಾಗಿದ್ದರೆ ಅದೇ ಉಪಾಯ ಇನ್ನೊಂದು ಬೇರಿಂಗನ್ನು ಕಾಪಾಡದು. ಶಾಫ್ಟಿಗೆ ಭೂಸಂಪರ್ಕ ನೀಡುವ ಬ್ರಷ್ ಅಥವಾ ಸಾಮಾನ್ಯ ವೋಲ್ಟೇಜನ್ನೇ ತಗ್ಗಿಸುವ ಫಿಲ್ಟರ್ ಬೇಕಾಗುತ್ತದೆ. ಸುರುಳಿಯ ರಕ್ಷಣೆಗೆ ಕೇಬಲ್ ಗಿಡ್ಡವಾಗಿಸುವುದು, ಮಿಡಿತದ ಏರಿಕೆಯನ್ನು ನಿಧಾನಿಸುವ ಫಿಲ್ಟರ್ ಅಳವಡಿಸುವುದು ಮಾರ್ಗೋಪಾಯಗಳು. ಇನ್ವರ್ಟರ್ ಚಾಲಿತ ಮೋಟಾರುಗಳ ಅವಾಹಕದ ಪರೀಕ್ಷೆಗೆ ಐಇಸಿ 60034-18-41 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ.

ವಿದ್ಯುತ್ ವಾಹನಗಳಲ್ಲಿ ಬಳಕೆಗೆ ಬಂದಿರುವ ಸಿಲಿಕಾನ್ ಕಾರ್ಬೈಡ್ ಸ್ವಿಚ್‌ಗಳು ಕೆಲವೇ ಹತ್ತು ನ್ಯಾನೊಸೆಕೆಂಡುಗಳಲ್ಲಿ ಮಿಡಿತವನ್ನು ಏರಿಸಬಲ್ಲವು. ಶಕ್ತಿಯ ಉಳಿತಾಯಕ್ಕೆ ನೆರವಾಗುವ ಈ ವೇಗವೇ ಸುರುಳಿ ಮತ್ತು ಬೇರಿಂಗ್‌ಗಳ ಮೇಲಿನ ಒತ್ತಡವನ್ನೂ ಹೆಚ್ಚಿಸುತ್ತದೆ. ಹೀಗಾಗಿ ಮೋಟಾರು, ಕೇಬಲ್, ಇನ್ವರ್ಟರ್ ಮೂರನ್ನೂ ಒಂದೇ ಮಾದರಿಯಲ್ಲಿ ಪರಿಗಣಿಸಿ ವಿನ್ಯಾಸ ಮಾಡುವುದು ಅನಿವಾರ್ಯವಾಗಿದೆ.