ವಿಕ್ಟೋರಿಯಾ ಕಾಲದ ಮುಂಬಯಿ: ಬಾಲಕಿಯರ ಉಡುಪಿನ ರಚನೆ ಮತ್ತು ಶೈಲಿ

ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಾಲದಲ್ಲಿ (1837-1901) ಮುಂಬಯಿ ನಗರವು ರೈಲು, ಹತ್ತಿ ಗಿರಣಿ ಹಾಗೂ ಶಾಲೆಗಳ ನಗರವಾಗಿ ಬೆಳೆಯಿತು. ಇದೇ ಅವಧಿಯಲ್ಲಿ ಇಲ್ಲಿನ ಹೆಣ್ಣುಮಕ್ಕಳ ಉಡುಪು ಕೂಡ ಹೊಸ ರೂಪ ಪಡೆಯಿತು. ಆಂಗ್ಲ ಬಾಲಕಿಯರ ಫ್ರಾಕು, ಪಾರ್ಸಿ ಬಾಲಕಿಯರ ಝಬಲಾ-ಇಜಾರ, ಮರಾಠಿ ಹಾಗೂ ಕನ್ನಡ ಮನೆಗಳ ಪರಕರ-ಪೋಲಕ, ಇವೆಲ್ಲವೂ ಈ ಒಂದೇ ನಗರದಲ್ಲಿ ಕಾಣಸಿಗುತ್ತಿದ್ದವು. ಹೆಣ್ಣುಮಗುವನ್ನು ಸಮಾಜವು ಎಷ್ಟು ವರ್ಷ ಬಾಲಕಿಯೆಂದು ಪರಿಗಣಿಸುತ್ತಿತ್ತು ಎಂಬುದನ್ನೂ ಈ ಉಡುಪುಗಳು ತಿಳಿಸುತ್ತವೆ.

ಆಂಗ್ಲ ಬಾಲಕಿಯರ ಫ್ರಾಕು

ಇದು ಹಲವು ಪದರಗಳ ಉಡುಪು. ಮೈಗೆ ತಾಗುವಂತೆ ತೆಳು ಹತ್ತಿಯ ಶಿಮೀಸು, ಕೆಳಗೆ ಚಡ್ಡಿ, ಅದರ ಮೇಲೆ ಪೆಟಿಕೋಟು, ಕೊನೆಗೆ ಫ್ರಾಕು. ಫ್ರಾಕಿನ ಮೇಲ್ಭಾಗವನ್ನು ಮೈಯಳತೆಗೆ ಕತ್ತರಿಸಿ, ಅಗಲವಾದ ಕೆಳಭಾಗವನ್ನು ನೆರಿಗೆ ಹಿಡಿದು ಸೊಂಟದಲ್ಲಿ ಜೋಡಿಸುತ್ತಿದ್ದರು. ಗುಂಡಿಗಳು ಸಾಮಾನ್ಯವಾಗಿ ಬೆನ್ನಿನ ಕಡೆಗಿರುತ್ತಿದ್ದವು. ಬಟ್ಟೆ ಕೊಳೆಯಾಗದಂತೆ ಮೇಲೊಂದು ತೋಳಿಲ್ಲದ ಬಿಳಿಯ ಹೊದಿಕೆ.

ಬೆಳೆಯುವ ಮಗುವಿಗಾಗಿ ಅಂಚಿನ ಮೇಲೆ ಅಡ್ಡ ಮಡಿಕೆಗಳನ್ನು ಹೊಲಿದು, ವರ್ಷ ಕಳೆದಂತೆ ಒಂದೊಂದನ್ನೇ ಬಿಚ್ಚುತ್ತಿದ್ದರು. ವಯಸ್ಸು ಏರಿದಂತೆ ಅಂಚು ಇಳಿಯಬೇಕೆಂಬುದು ಅಂದಿನ ಶಿಷ್ಟಾಚಾರ. ನ್ಯೂಯಾರ್ಕಿನ 'ಹಾರ್ಪರ್ಸ್ ಬಜಾರ್' ಪತ್ರಿಕೆಯು 1868ರಲ್ಲಿ ಪ್ರಕಟಿಸಿದ ಚಿತ್ರದಲ್ಲಿ, ನಾಲ್ಕು ವರ್ಷದ ಮಗುವಿಗೆ ಮಂಡಿಯ ಸಮೀಪವಿರುವ ಅಂಚು ಹದಿನಾರರ ವೇಳೆಗೆ ಕಣಕಾಲಿನ ಬಳಿಗೆ ಬರುತ್ತದೆ.

ಪರಕರ-ಪೋಲಕ

ಪರಕರದ ರಚನೆ ಬಹು ಸರಳ. ನೇರ ಬಟ್ಟೆಯ ತುದಿಗಳನ್ನು ಕೂಡಿಸಿ ಹೊಲಿದು, ಸೊಂಟದ ಕಡೆ ಲಾಡಿ ಪೋಣಿಸಿದರೆ ನೆರಿಗೆ ತಾನಾಗಿ ಬೀಳುತ್ತದೆ; ಬಟ್ಟೆ ವ್ಯರ್ಥವಾಗುವುದಿಲ್ಲ. ಅಂಚಿನ ಮೇಲೆ ಮಡಿಕೆ ಹೊಲಿದು ಮುಂದೆ ಬಿಚ್ಚುವ ರೂಢಿ ನಮ್ಮ ಮನೆಗಳಲ್ಲಿಯೂ ಇದೆ. ಹಳೆಯ ಕುಪ್ಪಸವನ್ನು ಎದೆಯ ಕೆಳಗೆ ಗಂಟು ಹಾಕಿ ಕಟ್ಟುತ್ತಿದ್ದರು. ಪೋಲಕಕ್ಕೆ ಗುಂಡಿಗಳು ಬಂದವು. ಫ್ರಾಕು, ಜಂಪರು, ಪೆಟಿಕೋಟು, ಬಾಡಿ ಎಂಬ ನಮ್ಮ ಮನೆಮಾತಿನ ಪದಗಳು ಇಂಗ್ಲಿಷಿನಿಂದ ಬಂದವು.

ಪೋಲಕಕ್ಕೆ ಮೆಚ್ಚಿನ ಬಟ್ಟೆಯೆಂದರೆ ಗುಳೇದಗುಡ್ಡದ ಖಣ. ಮಗ್ಗದ ಮೇಲೆ ರೇಷ್ಮೆಯ ಹಾಸು, ಹತ್ತಿಯ ಹೊಕ್ಕು ಸೇರಿಸಿ, ಚಿಕ್ಕ ಚಿಕ್ಕ ಬುಟ್ಟಾ ಮೂಡಿಸಿ ನೇಯ್ದ ಈ ಬಟ್ಟೆಗೆ ಮಹಾರಾಷ್ಟ್ರದಲ್ಲಿಯೂ ಬೇಡಿಕೆಯಿತ್ತು. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ ಆ ಊರು ಅಂದು ಮುಂಬಯಿ ಪ್ರಾಂತದಲ್ಲಿಯೇ ಇತ್ತೆಂಬುದು ಗಮನಾರ್ಹ.

ಶಾಲೆ, ವಿವಾಹ ಮತ್ತು ಸೀರೆ

ಆಂಗ್ಲ ಬಾಲಕಿಯ ಅಂಚು ವರ್ಷವರ್ಷವೂ ತುಸುತುಸುವೇ ಇಳಿದರೆ, ನಮ್ಮ ಅನೇಕ ಮನೆಗಳಲ್ಲಿ ವಿವಾಹದೊಡನೆ ಪರಕರ ಮುಗಿದು ಸೀರೆ ಬರುತ್ತಿತ್ತು. ಪುಟ್ಟ ಹುಡುಗಿಯರು ಉಡುವ ಚಿಕ್ಕ ಸೀರೆಗೆ ಕನ್ನಡದಲ್ಲಿ 'ಕಿರಿಗೆ' ಎಂಬ ಪ್ರತ್ಯೇಕ ಹೆಸರೇ ಇದೆ.

ಈ ಸ್ಥಿತಿಯನ್ನು ಪ್ರಶ್ನಿಸಿದ ಪ್ರಕರಣವೂ ಮುಂಬಯಿಯದೇ. ಹನ್ನೊಂದನೆಯ ವಯಸ್ಸಿನಲ್ಲಿ ವಿವಾಹವಾದ ರಖ್ಮಾಬಾಯಿ ಪತಿಗೃಹಕ್ಕೆ ಹೋಗಲು ನಿರಾಕರಿಸಿದಾಗ, 1884ರಲ್ಲಿ ಪತಿ ದಾವೆ ಹೂಡಿದರು. ಪತಿಯೊಡನೆ ಬಾಳಬೇಕು, ಇಲ್ಲವೇ ಆರು ತಿಂಗಳ ಸೆರೆವಾಸ ಅನುಭವಿಸಬೇಕೆಂದು 1887ರಲ್ಲಿ ತೀರ್ಪು ಬಂದಾಗ ಆಕೆ ಸೆರೆವಾಸಕ್ಕೇ ಸಿದ್ಧರಾದರು. 1888ರಲ್ಲಿ ರಾಜಿಯಾಯಿತು, ಆಕೆ ಲಂಡನ್ನಿನಲ್ಲಿ ವೈದ್ಯಕೀಯ ಓದಿ ವೈದ್ಯೆಯಾದರು. ಈ ಚರ್ಚೆಯ ಹಿನ್ನೆಲೆಯಲ್ಲಿ 1891ರ ಕಾಯಿದೆ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿತು. 1929ರ ಶಾರದಾ ಕಾಯಿದೆ ಹೆಣ್ಣಿನ ವಿವಾಹದ ಕನಿಷ್ಠ ವಯಸ್ಸನ್ನು ಹದಿನಾಲ್ಕೆಂದು ನಿಗದಿಪಡಿಸಿತು.

ಇದರ ಜೊತೆಗೆ ಶಾಲೆಗಳೂ ಬೆಳೆದವು. ಸ್ಟೂಡೆಂಟ್ಸ್ ಲಿಟರರಿ ಅಂಡ್ ಸೈಂಟಿಫಿಕ್ ಸೊಸೈಟಿಯು 1849ರಲ್ಲಿ ಬಾಲಕಿಯರ ಶಾಲೆಗಳನ್ನು ತೆರೆಯಿತು. 1863ರಲ್ಲಿ ಮಾಣೆಕ್‌ಜಿ ಕರ್ಸೆಟ್‌ಜಿ ಅವರು ಅಲೆಕ್ಸಾಂಡ್ರಾ ಬಾಲಕಿಯರ ಶಾಲೆಯನ್ನು ಸ್ಥಾಪಿಸಿದರು. ಓದಿನ ವರ್ಷಗಳು ಹೆಚ್ಚಿದಂತೆ ಪರಕರ ತೊಡುವ ವರ್ಷಗಳೂ ಹೆಚ್ಚಿದವು.

ಹಳೆಯ ಉಡುಪನ್ನು ಪರಿಶೀಲಿಸುವ ಬಗೆ

ಮನೆಯ ಪೆಟ್ಟಿಗೆಯಲ್ಲಿ ಹಳೆಯ ಪರಕರವಿದ್ದರೆ ಅದರ ಅಂಚನ್ನು ಒಳಗಿನಿಂದ ನೋಡಬೇಕು. ಬಿಚ್ಚಿದ ಮಡಿಕೆಗಳ ಜಾಗದಲ್ಲಿ ಸೂಜಿಯ ರಂಧ್ರಗಳ ಸಾಲು ಹಾಗೂ ಬಣ್ಣ ಮಾಸದ ಪಟ್ಟಿಗಳು ಉಳಿದಿರುತ್ತವೆ. ಅಂತಹ ಪಟ್ಟಿಗಳು ಎಷ್ಟಿವೆಯೋ ಅಷ್ಟು ಬಾರಿ ಆ ಹುಡುಗಿ ಬೆಳೆದಳು, ಬೆಳೆದರೂ ಇನ್ನೂ ಪರಕರದಲ್ಲಿಯೇ ಇದ್ದಳು ಎಂದು ತಿಳಿಯಬಹುದು. ಆದುದರಿಂದ ಇಂತಹ ಉಡುಪುಗಳನ್ನು ಇಸ್ತ್ರಿ ಮಾಡದೆ, ಮೆದುವಾದ ಹತ್ತಿಬಟ್ಟೆಯಲ್ಲಿ ಸುತ್ತಿ, ತೊಟ್ಟವರ ಹೆಸರು ಬರೆದಿಡುವುದು ಒಳಿತು.