ನಮ್ಮ ಸೀಮೆಯ ಕಲ್ಲು, ರೋಮಿನ ಕಲ್ಲು

ಎಂಟನೇ ತರಗತಿಯಲ್ಲಿ ರೋಮ್ ನಗರದ ಪಾಠ ಕೇಳಿದ್ದು ನಮ್ಮ ಶಾಲೆಯ ಹಳೆಯ ಚಪ್ಪಡಿ ಕೊಠಡಿಯಲ್ಲಿ. ಗೋಡೆಯೂ ಕಲ್ಲು, ಸೂರೂ ಕಲ್ಲು. ರೋಮಿನವರು ಯಾವ ಕಲ್ಲಿನಿಂದ ಕಟ್ಟಿದರು ಎಂದು ಅಂದು ನಾನು ಕೇಳಲಿಲ್ಲ. ಎಂಜಿನಿಯರಿಂಗ್ ಓದುವಾಗ ತಿಳಿಯಿತು.

ರೋಮಿನ ಸುತ್ತಲ ಜ್ವಾಲಾಮುಖಿಗಳು ಉಗುಳಿದ ಬೂದಿ ಗಟ್ಟಿಯಾಗಿ 'ಟಫ್' ಎಂಬ ಕಲ್ಲಾಯಿತು. ಅದು ಮೆತ್ತನೆಯದು, ಕಡಿಯುವುದು ಸುಲಭ. ಆದರೆ ಮಳೆ, ಚಳಿಗೆ ಬೇಗ ಸವೆಯುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಕಡಿದು ಎರಡು ವರ್ಷ ಬಯಲಲ್ಲಿ ಬಿಟ್ಟು, ಕೆಡದೆ ಉಳಿದದ್ದನ್ನು ಗೋಡೆಗೆ ಬಳಸಿರಿ, ಕೆಟ್ಟದ್ದನ್ನು ಅಡಿಪಾಯಕ್ಕೆ ಹಾಕಿರಿ ಎಂದು ವಿಟ್ರೂವಿಯಸ್ ಎಂಬ ರೋಮನ್ ವಾಸ್ತುಶಿಲ್ಪಿ ಬರೆದಿದ್ದಾನೆ. ಜ್ವಾಲಾಮುಖಿಯ ಬೂದಿಗೆ ಸುಣ್ಣ ಬೆರೆಸಿ, ನೀರಿನಲ್ಲೂ ಗಟ್ಟಿಯಾಗುವ ಗಾರೆ ಮಾಡಿದರು. ಪ್ಯಾಂಥಿಯನ್ ದೇಗುಲದ ಗುಮ್ಮಟದ ಅಗಲ ಸುಮಾರು 43 ಮೀಟರ್. ಮೇಲೆ ಹೋದಂತೆ ಹಗುರವಾದ ಜ್ವಾಲಾಮುಖಿ ಕಲ್ಲನ್ನೇ ಕಾಂಕ್ರೀಟಿಗೆ ಬೆರೆಸಿದ್ದರಿಂದ ಅದು 1,900 ವರ್ಷಗಳಿಂದ ನಿಂತಿದೆ.

ನಮ್ಮ ಕಲ್ಲೂ ಬೆಂಕಿಯಲ್ಲೇ ಹುಟ್ಟಿದ್ದು. ಆದರೆ ಹೊರಗೆ ಚಿಮ್ಮದೆ ಭೂಮಿಯೊಳಗೇ ನಿಧಾನವಾಗಿ ಆರಿ ಗ್ರಾನೈಟ್ ಆಯಿತು. ಭೂವಿಜ್ಞಾನಿಗಳು ಇದನ್ನು ರಾಮನಗರದ ಹಳೆಯ ಹೆಸರಿನಿಂದ 'ಕ್ಲೋಸ್‌ಪೇಟೆ ಗ್ರಾನೈಟ್' ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಮಧುಗಿರಿ, ಪಾವಗಡದ ಬೆಟ್ಟಗಳು ಈ ಸಾಲಿನವು. ಮಧುಗಿರಿಯಲ್ಲಿ ಏಕಶಿಲೆಯೇ ಕೋಟೆಗೆ ಅರ್ಧ ಗೋಡೆ. ಪಾಳೆಯಗಾರರು ಆರಂಭಿಸಿದ ಆ ಕೋಟೆಯನ್ನು ಹೈದರ್ ಅಲಿ ಬಲಪಡಿಸಿದ. ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗವೂ ಹೀಗೆ ಬೆಟ್ಟವನ್ನೇ ನಂಬಿದ ಕೋಟೆ. ಶಿರಾದಲ್ಲಿ 1651ರಲ್ಲಿ ತೀರಿಕೊಂಡ ಮಲಿಕ್ ರಿಹಾನನ ಗೋರಿ ಮತ್ತು 1696ರ ಜುಮ್ಮಾ ಮಸೀದಿ ಕಲ್ಲಿನ ನಯಗೆಲಸಕ್ಕೆ ಸಾಕ್ಷಿ.

ಗಟ್ಟಿ ಗ್ರಾನೈಟ್ ಕಂಬ ಬೇಕಾದಾಗ ರೋಮಿನವರು ಈಜಿಪ್ಟಿನಿಂದ ಹಡಗಿನಲ್ಲಿ ತರಿಸಿದರು. ಪ್ಯಾಂಥಿಯನ್ನಿನ ಮುಂದಿನ 16 ಕಂಬಗಳು ಅಂಥವು. ನಮಗೆ ಅದು ಹಿತ್ತಲ ಬಂಡೆ. ಬಂಡೆಯ ಮೇಲೆ ಬೆಂಕಿ ಹಾಕಿ ಪದರ ಎಬ್ಬಿಸುವುದು, ಸಾಲಾಗಿ ಗುಳಿ ತೋಡಿ ಕಬ್ಬಿಣದ ಬೆಣೆ ಇಟ್ಟು ಸುತ್ತಿಗೆಯಿಂದ ಹೊಡೆದು ಸೀಳುವುದು ಇಲ್ಲಿನ ಕಲ್ಲುಕುಟಿಗರ ವಿದ್ಯೆ. ಪದರ ಎದ್ದಿದೆಯೋ ಇಲ್ಲವೋ ಎಂಬುದನ್ನು ಅವರು ಸುತ್ತಿಗೆಯ ಸದ್ದಿನಿಂದಲೇ ಹೇಳುತ್ತಾರೆ.

ನನ್ನ ತಾತನೂ ಆ ಕೆಲಸದವರು. ನಮ್ಮ ಶಾಲೆಯ ಮೊದಲ ಕೊಠಡಿಗಳ ಚಪ್ಪಡಿಗಳಲ್ಲಿ ಅವರು ಸೀಳಿದವೂ ಇವೆ. ಅವರಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಕಲ್ಲಿನ ದೂಳು ಎದೆ ಸೇರಿ, ಕೊನೆಯ ವರ್ಷಗಳಲ್ಲಿ ಜಗಲಿಯಿಂದ ಬಾವಿಯವರೆಗೆ ನಡೆದರೂ ಏದುಸಿರು ಬರುತ್ತಿತ್ತು. ಅವರ ಮೊಮ್ಮಗ ಅದೇ ಚಪ್ಪಡಿಯ ನೆರಳಲ್ಲಿ ಓದಿ ಬಿ.ಇ. ಮುಗಿಸಿದ.

ಸುವರ್ಣ ಮಹೋತ್ಸವದ ನಂತರ ಹಳೆಯ ಕೊಠಡಿ ಕೆಡವಿ ಹೊಸದು ಕಟ್ಟುವ ಮಾತಿದೆ. ಮಕ್ಕಳಿಗೆ ಒಳ್ಳೆಯ ಕೊಠಡಿ ಬೇಕು, ಅದಕ್ಕೆ ನನ್ನ ವಿರೋಧವಿಲ್ಲ. ಹಿರಿಯರಲ್ಲಿ, ಗುರುಗಳಲ್ಲಿ ನನ್ನದೊಂದೇ ಬಿನ್ನಹ: ಚಪ್ಪಡಿಗಳನ್ನು ಒಡೆದು ಜಲ್ಲಿ ಮಾಡಬೇಡಿ. ಅವುಗಳ ಆಯಸ್ಸು ಮುಗಿದಿಲ್ಲ. ಬೇವಿನ ಮರದ ಕೆಳಗೆ ಮಕ್ಕಳು ಕೂರುವ ಜಗಲಿಯಾಗಲಿ. ಹಾಸುವ ಕೂಲಿಯ ಖರ್ಚನ್ನು ನಮ್ಮ ಬ್ಯಾಚಿನವರು ಕೊಡಲು ಒಪ್ಪಿದ್ದೇವೆ.

— ಹಳೆಯ ವಿದ್ಯಾರ್ಥಿ, ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು