ಅಪ್ಪನನ್ನು ಯಾವುದರಿಂದ ಅಳೆಯುವುದು? ಪಿತೃಪಾಲನೆಯ ಸಮುದಾಯ ಕಾರ್ಯಕ್ರಮಗಳ ಒಂದು ವಿಮರ್ಶೆ

ಕಷ್ಟದಲ್ಲಿರುವ ಅಪ್ಪಂದಿರಿಗಾಗಿ ನಡೆದ ಕಾರ್ಯಕ್ರಮಗಳ ಚರಿತ್ರೆಯನ್ನು ಹಿಂದಕ್ಕೆ ಹುಡುಕುತ್ತ ಹೋದರೆ ಸಿಗುವುದು ಬಾಕಿ ವಸೂಲಿಯ ಕಡತ. ಅಮೆರಿಕದಲ್ಲಿ 1988ರ ಕುಟುಂಬ ಬೆಂಬಲ ಕಾಯ್ದೆಯಿಂದ ಹುಟ್ಟಿದ ‘ಪೇರೆಂಟ್ಸ್ ಫೇರ್ ಶೇರ್’ ಯೋಜನೆ ಕರೆಸಿಕೊಂಡದ್ದು ಮಕ್ಕಳ ಜೀವನಾಂಶ ಕಟ್ಟದೆ ಉಳಿಸಿಕೊಂಡ, ಕೆಲಸವಿಲ್ಲದ ಅಥವಾ ಅರೆಬರೆ ಕೆಲಸದ ತಂದೆಯರನ್ನು. 1990ರ ದಶಕದ ನಡುವೆ ಡೇಟನ್, ಮೆಂಫಿಸ್, ಲಾಸ್ ಏಂಜಲೀಸ್ ಮೊದಲಾದ ಏಳು ಕಡೆ ಅದು ನಡೆಯಿತು. ಉದ್ಯೋಗ ತರಬೇತಿ, ತಂದೆಯರ ಮಾತುಕತೆಯ ಕೂಟ, ತಾಯಿಯೊಡನೆ ತಕರಾರಿದ್ದರೆ ರಾಜಿ ಪಂಚಾಯಿತಿ, ತರಬೇತಿ ಮುಗಿಯುವ ತನಕ ಕಂತಿನಲ್ಲಿ ರಿಯಾಯಿತಿ ಎಲ್ಲವೂ ಇದ್ದವು. ಜೀವನಾಂಶದ ಪಾವತಿ ಒಂದಿಷ್ಟು ಏರಿತು. ಆದರೆ ಅದರಲ್ಲೊಂದು ಪಾಲು ತರಬೇತಿಯ ಫಲವಲ್ಲ: ಕರೆಸಿ ವಿಚಾರಿಸಿದಾಗಲೇ ಕೆಲವರು ಮರೆಮಾಚಿದ್ದ ಸಂಪಾದನೆ ಬಯಲಾಯಿತು. ಓದು, ಅನುಭವ ತೀರ ಕಡಿಮೆಯಿದ್ದವರನ್ನು ಬಿಟ್ಟರೆ ಉಳಿದವರ ದುಡಿಮೆ ಹೆಚ್ಚಲಿಲ್ಲ. ಅಪ್ಪ ಮಗುವನ್ನು ನೋಡಲು ಬರುವುದೂ ಹೆಚ್ಚಲಿಲ್ಲ.

ಈ ಫಲಿತಾಂಶ ಅಚ್ಚರಿಯದೇನಲ್ಲ. ಅಪ್ಪನನ್ನು ಸಾಲಗಾರನೆಂದು ಕರೆಸಿಕೊಂಡ ಮೇಲೆ ಅವನಿಂದ ಸಾಲದ ಕಂತಷ್ಟೇ ಬರುತ್ತದೆ. ಕಾರ್ಯಕ್ರಮವೊಂದು ತಂದೆಯನ್ನು ಯಾವ ಅಳತೆಗೋಲಿನಿಂದ ಅಳೆಯುತ್ತದೆ, ಮಗುವಿನ ತಾಯಿಯನ್ನು ಎಲ್ಲಿ ಕೂರಿಸುತ್ತದೆ ಎಂಬ ಎರಡು ಸಂಗತಿಗಳೇ ಅದರ ಫಲವನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ ಎಂಬುದು ಈ ಲೇಖನದ ವಾದ.

ಬಡ ಅಪ್ಪಂದಿರು ಹೊಣೆಗೇಡಿಗಳೆಂಬ ಊಹೆಯನ್ನು ಸಮಾಜಶಾಸ್ತ್ರಜ್ಞರಾದ ಕ್ಯಾಥರಿನ್ ಎಡಿನ್ ಮತ್ತು ತಿಮೋತಿ ನೆಲ್ಸನ್ ತಮ್ಮ 2013ರ ಕೃತಿಯಲ್ಲಿ ಪ್ರಶ್ನಿಸಿದ್ದಾರೆ. ಫಿಲಡೆಲ್ಫಿಯಾ ಮತ್ತು ಕ್ಯಾಮ್ಡನ್ನಿನ ಬಡ ಕೇರಿಗಳಲ್ಲಿ ಅವರು ಮಾತಾಡಿಸಿದ ಗಂಡಸರಲ್ಲಿ ಬಹಳ ಮಂದಿ, ಬಯಸದೆ ಬಂದ ಮಗುವನ್ನೂ ಸಂತೋಷದಿಂದಲೇ ಬರಮಾಡಿಕೊಂಡಿದ್ದರು. ಮುಂದೆ ಮಗುವಿನ ತಾಯಿಯೊಡನೆ ಸಂಬಂಧ ಹಳಸಿದಾಗ ಮಗುವಿನ ನಂಟೂ ಸಡಿಲಾಯಿತು. ಅಂದರೆ ಕೊರತೆಯಿದ್ದದ್ದು ಪ್ರೀತಿಯದಲ್ಲ. ಅಮೆರಿಕದ ನಾಲ್ಕು ಕಾರ್ಯಕ್ರಮಗಳ 5,522 ತಂದೆಯರನ್ನು ಹಿಂಬಾಲಿಸಿದ, 2018ರಲ್ಲಿ ಫಲಿತಾಂಶ ಹೊರಬಿದ್ದ ‘ಪ್ಯಾಕ್ಟ್’ ಅಧ್ಯಯನವೂ ಇದೇ ದಿಕ್ಕಿನತ್ತ ಬೊಟ್ಟು ಮಾಡುತ್ತದೆ. ತರಬೇತಿ ಪಡೆದವರು ಮಕ್ಕಳೊಡನೆ ಹೆಚ್ಚು ಅಕ್ಕರೆಯಿಂದ ನಡೆದುಕೊಂಡರು, ವಯಸ್ಸಿಗೆ ತಕ್ಕ ಆಟಪಾಠಗಳಲ್ಲಿ ತೊಡಗಿದರು; ತಾಯಿಯೊಡನೆ ಸೇರಿ ಮಗುವನ್ನು ಬೆಳೆಸುವ ಹೊಂದಾಣಿಕೆಯಲ್ಲಿ ಮಾತ್ರ ಬದಲಾವಣೆ ಕಾಣಲಿಲ್ಲ.

ತಾಯಿಯನ್ನು ಒಳಗೆ ಕರೆದರೆ? ಫಿಲಿಪ್ ಮತ್ತು ಕ್ಯಾರಲಿನ್ ಕೋವನ್ ದಂಪತಿ ಹಾಗೂ ಸಂಗಡಿಗರು ಕ್ಯಾಲಿಫೋರ್ನಿಯಾದಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಬಹುಪಾಲು ಕಡಿಮೆ ಆದಾಯದ 289 ಜೋಡಿಗಳು. ಅವರಲ್ಲಿ ಮೆಕ್ಸಿಕೋ ಮೂಲದವರೇ ಹೆಚ್ಚು. ಕೆಲವರಿಗೆ ಅಪ್ಪಂದಿರದೇ ಗುಂಪು, ಕೆಲವರಿಗೆ ಜೋಡಿಗಳ ಗುಂಪು, ಎರಡೂ ಹದಿನಾರು ವಾರ. ಉಳಿದವರಿಗೆ ಒಂದೇ ಒಂದು ಮಾಹಿತಿ ಸಭೆ. ಎರಡೂ ಗುಂಪುಗಳಲ್ಲಿ ಅಪ್ಪಂದಿರು ಮಕ್ಕಳಿಗೆ ಹತ್ತಿರವಾದರು. ಆದರೆ ದಾಂಪತ್ಯದ ನೆಮ್ಮದಿ ಕುಸಿಯದೆ ನಿಂತದ್ದು, ಪಾಲನೆಯ ಒತ್ತಡ ತಗ್ಗಿದ್ದು ಜೋಡಿಗಳ ಗುಂಪಿನಲ್ಲಿ.

ಇದಕ್ಕಿಂತ ದೊಡ್ಡ ಪರೀಕ್ಷೆ ನಡೆದದ್ದು ರುವಾಂಡಾದಲ್ಲಿ. 1994ರ ನರಮೇಧದ ನಂತರ ಅಲ್ಲಿ ಕಾನೂನುಗಳು ಬೇಗ ಬದಲಾದವು: 1999ರಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿಯ ಹಕ್ಕು, 2008ರಲ್ಲಿ ಲಿಂಗಾಧಾರಿತ ಹಿಂಸೆಯ ವಿರುದ್ಧ ಕಾಯ್ದೆ. ಮನೆಯೊಳಗಿನ ವ್ಯವಹಾರ ಅದೇ ವೇಗದಲ್ಲಿ ಬದಲಾಗಲಿಲ್ಲ. ರ್‌ವಾಮ್ರೆಕ್ ಎಂಬ ಸ್ಥಳೀಯ ಗಂಡಸರ ಸಂಸ್ಥೆ ಮತ್ತು ಪ್ರೊಮುಂಡೊ ಎಂಬ ಇನ್ನೊಂದು ಸಂಸ್ಥೆ ಸೇರಿ ಆರಂಭಿಸಿದ ‘ಬಾಂಡೆಬೆರೆಹೊ’ ಕಾರ್ಯಕ್ರಮ ಈ ಅಂತರಕ್ಕೆ ಕೈಹಾಕಿತು. ಪಠ್ಯಕ್ರಮಕ್ಕೆ ಆಧಾರ ಲ್ಯಾಟಿನ್ ಅಮೆರಿಕದ ಸಂಸ್ಥೆಗಳು ಸೇರಿ ಸಿದ್ಧಪಡಿಸಿದ್ದ ‘ಪ್ರೋಗ್ರಾಂ ಪಿ’. ಐದು ವರ್ಷದೊಳಗಿನ ಮಗುವಿರುವ ಅಥವಾ ಹೆಂಡತಿ ಬಸುರಿಯಾಗಿರುವ ಗಂಡಸರಿಗೆ ಹದಿನೈದು ಕೂಟಗಳು. ಅವುಗಳಲ್ಲಿ ಎಂಟಕ್ಕೆ ಹೆಂಡತಿಯರೂ ಬರುತ್ತಿದ್ದರು. ನಡೆಸುತ್ತಿದ್ದವರು ಅದೇ ಊರಿನ, ತರಬೇತಿ ಪಡೆದ ಅಪ್ಪಂದಿರು. ಬಸುರಿಯ ಆರೈಕೆಯ ವಿಷಯ ಬಂದಾಗ ನರ್ಸು, ಹಿಂಸೆ ಮತ್ತು ಕಾನೂನಿನ ವಿಷಯ ಬಂದಾಗ ಪೊಲೀಸರು ಜೊತೆಗೂಡುತ್ತಿದ್ದರು. ಮನೆಯ ಹಣವನ್ನು ಯಾರು ಖರ್ಚು ಮಾಡುತ್ತಾರೆ, ಮಗು ಅತ್ತರೆ ಯಾರು ಎತ್ತಿಕೊಳ್ಳುತ್ತಾರೆ, ಸಿಟ್ಟು ಬಂದಾಗ ಕೈ ಎಲ್ಲಿಗೆ ಹೋಗುತ್ತದೆ ಎಂಬ ತೀರ ದಿನಬಳಕೆಯ ಸಂಗತಿಗಳೇ ಅಲ್ಲಿಯ ಚರ್ಚೆಗೆ ವಸ್ತು.

ಮೌಲ್ಯಮಾಪನದ ವಿನ್ಯಾಸ ಅಚ್ಚುಕಟ್ಟಾದದ್ದು. 1,199 ಜೋಡಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. 575 ಜೋಡಿಗಳು ಕೂಟಕ್ಕೆ ಬಂದವು, ಉಳಿದವು ಹೋಲಿಕೆಗೆ. ಶುರುವಾಗಿ 21 ತಿಂಗಳಿಗೆ ವಿಚಾರಿಸಿದಾಗ, ಹಿಂದಿನ ಒಂದು ವರ್ಷದಲ್ಲಿ ಗಂಡನಿಂದ ದೈಹಿಕ ಹಿಂಸೆಯಾಯಿತೆಂದ ಹೆಂಗಸರು ಹೋಲಿಕೆಯ ಗುಂಪಿನಲ್ಲಿ ನೂರಕ್ಕೆ 57, ಕೂಟದ ಗುಂಪಿನಲ್ಲಿ 33. ಮಕ್ಕಳಿಗೆ ಹೊಡೆಯುವುದು ಕಡಿಮೆಯಾಗಿತ್ತು, ಬಸುರಿಯ ತಪಾಸಣೆಗೆ ಜೊತೆಯಲ್ಲಿ ಹೋಗುವ ಗಂಡಂದಿರು ಹೆಚ್ಚಿದ್ದರು, ಮನೆಗೆಲಸಕ್ಕೂ ಮಗುವಿನ ಆರೈಕೆಗೂ ಗಂಡಸರು ಕೊಡುವ ಹೊತ್ತೂ ಹೆಚ್ಚಿತ್ತು. 2018ರಲ್ಲಿ ಇದು ಪ್ರಕಟವಾಯಿತು. ಕಾರ್ಯಕ್ರಮ ಶುರುವಾಗಿ ಸುಮಾರು ಆರು ವರ್ಷಗಳ ಬಳಿಕ ಅದೇ ಕುಟುಂಬಗಳನ್ನು ಮತ್ತೆ ವಿಚಾರಿಸಿದಾಗಲೂ ಪರಿಣಾಮ ಉಳಿದಿತ್ತು. ಈ ಕ್ಷೇತ್ರದಲ್ಲಿ ಇಷ್ಟು ದೀರ್ಘಕಾಲದ ಹಿಂಬಾಲಿಕೆ ಅಪರೂಪ. ನನ್ನ ಮಟ್ಟಿಗೆ ಮೊದಲ ಅಂಕಿಗಳಿಗಿಂತ ಇದೇ ಹೆಚ್ಚು ತೂಕದ್ದು.

ಹಾಗೆಂದು ಅಂಕಿಗಳನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ. ಎಲ್ಲವೂ ಬಾಯಿಮಾತಿನ ಉತ್ತರಗಳು. ಹೊಡೆಯುವುದು ತಪ್ಪೆಂದು ಹದಿನೈದು ಕೂಟಗಳಲ್ಲಿ ಕೇಳಿದವನಿಗೆ ಸರ್ವೆಯವರ ಮುಂದೆ ಏನು ಹೇಳಬೇಕೆಂಬುದು ಗೊತ್ತಿರುತ್ತದೆ. ಹೆಂಡತಿಯ ಉತ್ತರವೂ ಅದೇ ದಿಕ್ಕಿನಲ್ಲಿದೆ ಎಂಬುದು ಈ ಶಂಕೆಯನ್ನು ತಗ್ಗಿಸುತ್ತದೆ, ಅಳಿಸುವುದಿಲ್ಲ. ಅವಳೂ ಎಂಟು ಕೂಟಗಳಲ್ಲಿ ಕುಳಿತವಳೇ. ಇನ್ನೊಂದು ಮಾತು: ಯಶಸ್ಸು ಎಂದು ಮೆರೆಸುವ ಗುಂಪಿನಲ್ಲೂ ಮೂವರಲ್ಲಿ ಒಬ್ಬಳು ಏಟು ತಿಂದಿದ್ದಾಳೆ. ಇನ್ನು ಈ ಪ್ರಯೋಗದಲ್ಲಿದ್ದವರು ಒಂದೇ ಸೂರಿನಡಿ ಬಾಳುವ ಜೋಡಿಗಳು, ‘ಪೇರೆಂಟ್ಸ್ ಫೇರ್ ಶೇರ್’ ಯೋಜನೆಯಲ್ಲಿದ್ದವರು ಬೇರೆಯಾದ ಅಪ್ಪಂದಿರು. ತಾಯಿಯೇ ಬಾಗಿಲು ಮುಚ್ಚಿದ ಮನೆಗೆ ರುವಾಂಡಾದ ಮಾದರಿ ಹೇಗೆ ಹೊಂದೀತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಉತ್ತರ ಉಗಾಂಡಾದ ಅಮುರು ಜಿಲ್ಲೆಯ ‘ರಿಯಲ್ ಫಾದರ್ಸ್’ ಕಾರ್ಯಕ್ರಮ ಬೇರೆ ದಾರಿ ಹಿಡಿಯಿತು. ಅಲ್ಲಿಯ ಎಳೆಯ ಅಪ್ಪಂದಿರು ಬೆಳೆದದ್ದು ಬಂಡುಕೋರರ ಯುದ್ಧ, ನಿರಾಶ್ರಿತರ ಶಿಬಿರಗಳ ನಡುವೆ. ಅಪ್ಪ ಹೇಗಿರುತ್ತಾನೆಂದು ನೋಡಿ ಕಲಿಯುವ ಅವಕಾಶವೇ ಹಲವರಿಗೆ ತಪ್ಪಿತ್ತು. ಅದಕ್ಕಾಗಿ ಊರಿನ ಹಿರಿಯ ಅಪ್ಪನೊಬ್ಬನನ್ನು ಮಾರ್ಗದರ್ಶಿಯಾಗಿ ಕೊಟ್ಟು, ಆತ ಆರು ತಿಂಗಳು ಮನೆಗೆ ಬಂದು ಹೋಗುವಂತೆ ಮಾಡಿದರು. ಹೆಂಡತಿಯ ಮೇಲಿನ, ಮಗುವಿನ ಮೇಲಿನ ಹಿಂಸೆ ಎರಡೂ ತಗ್ಗಿದವು.

ಕರ್ನಾಟಕದತ್ತ ತಿರುಗಿದರೆ, ಮಗುವಿನ ಸುತ್ತಲಿನ ನಮ್ಮ ವ್ಯವಸ್ಥೆಯಲ್ಲಿ ಅಂಗನವಾಡಿ, ಆಶಾ ಕಾರ್ಯಕರ್ತೆ, ತಾಯಿ ಕಾರ್ಡ್, ಸ್ತ್ರೀಶಕ್ತಿ ಗುಂಪು ಎಲ್ಲವೂ ಮಾತಾಡುವುದು ತಾಯಿಯೊಡನೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ತಾಯಿಗೆ 26 ವಾರಗಳ ರಜೆ ಕೊಟ್ಟಿತು. ತಂದೆಗೆ ಅದರಲ್ಲಿ ಒಂದು ದಿನವೂ ಇರಲಿಲ್ಲ. ಸಂಸಾರ ಹಳಿತಪ್ಪಿದ ಅಪ್ಪಂದಿರು ಹಳ್ಳಿಯಲ್ಲಿ ಗುಂಪಾಗಿ ಕೂರುವ ಸ್ಥಳವೆಂದು ನನಗೆ ಥಟ್ಟನೆ ತೋಚುವುದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ. ಊರಿನವರೇ ಸಮಿತಿ ಕಟ್ಟಿಕೊಂಡು ಸಭಾಭವನದಲ್ಲೋ ಶಾಲೆಯಲ್ಲೋ ಶಿಬಿರ ನಡೆಸುತ್ತಾರೆ, ಮನೆಯವರೂ ಅದರಲ್ಲಿ ಪಾಲುಗೊಳ್ಳುತ್ತಾರೆ, ಕುಡಿತ ಬಿಟ್ಟವರು ಆಮೇಲೆ ನವಜೀವನ ಸಮಿತಿಯಾಗಿ ಸೇರುತ್ತಿರುತ್ತಾರೆ. ಸ್ಥಳೀಯ ಗಂಡಸರೇ ಗಂಡಸರನ್ನು ಹಿಡಿದು ನಿಲ್ಲಿಸುವುದು, ಹೆಂಡತಿಗೆ ಒಳಗೆ ಜಾಗವಿರುವುದು, ಶಿಬಿರ ಮುಗಿದ ಮೇಲೂ ನಂಟು ಉಳಿಯುವುದು: ರುವಾಂಡಾ, ಉಗಾಂಡಾದ ಪ್ರಯೋಗಗಳನ್ನು ನೆನಪಿಸುವ ಗುಣಗಳು ಇಲ್ಲಿ ಆಗಲೇ ಇವೆ.

ಅಳತೆಗೋಲು ಮಾತ್ರ ಬೇರೆ. ಶಿಬಿರದ ಗೆಲುವನ್ನು ಕುಡಿತ ಬಿಟ್ಟವರ ಲೆಕ್ಕದಲ್ಲಿ ಹೇಳುತ್ತಾರೆ, ಅಮೆರಿಕದಲ್ಲಿ ಕಟ್ಟಿದ ಕಂತಿನ ಲೆಕ್ಕ ಹೇಳಿದಂತೆಯೇ. ಕುಡಿತ ಬಿಟ್ಟವನು ಮಗುವಿಗೆ ಹೊಡೆಯುವುದನ್ನೂ ಬಿಟ್ಟನೇ, ಜ್ವರ ಬಂದ ರಾತ್ರಿ ಮಗುವಿನ ಪಕ್ಕ ಎದ್ದು ಕೂರುವವರು ಯಾರು, ಕೂಲಿಯ ಹಣ ಯಾರ ಕೈಗೆ ಹೋಗುತ್ತದೆ ಎಂದು ಶಿಬಿರಕ್ಕೆ ಸೇರುವವರ ಹೆಂಡತಿಯರನ್ನು ಬೇರೆಯಾಗಿ ಕೂರಿಸಿ, ಶಿಬಿರಕ್ಕೆ ಮೊದಲೊಮ್ಮೆ ಮತ್ತು ವರ್ಷ ಕಳೆದ ಮೇಲೊಮ್ಮೆ ಕೇಳಬೇಕು. ಹೋಲಿಕೆಗೆ ಪಕ್ಕದ ತಾಲ್ಲೂಕಿನಲ್ಲಿ ಶಿಬಿರಕ್ಕೆ ಹೆಸರು ಕೊಟ್ಟು ಸರದಿ ಕಾಯುತ್ತಿರುವ ಮನೆಗಳಿವೆಯೇ ಎಂದು ನೋಡಬಹುದು. ಪ್ರಶ್ನಾವಳಿ ದೊಡ್ಡದಾಗಬೇಕಿಲ್ಲ. ಕೇಳುವ ಕೆಲಸವನ್ನು ಆಶಾ ಕಾರ್ಯಕರ್ತೆಯ ತಲೆಗೆ ಕಟ್ಟಬಾರದಷ್ಟೆ. ಅವಳ ಪಟ್ಟಿ ಈಗಾಗಲೇ ಉದ್ದವಿದೆ, ಜೊತೆಗೆ ಅದೇ ಊರಿನವಳ ಮುಂದೆ ಗಂಡನ ಕೈಯ ಮಾತನ್ನು ಯಾವ ಹೆಂಗಸೂ ಸುಲಭವಾಗಿ ಬಾಯಿಬಿಡಲಾರಳು.